ಮಳೆ ಲೆಕ್ಕದ ಪುಸ್ತಕಕ್ಕೆ ಬಿಟ್‌ಕಾಯಿನ್ ಸಾಕ್ಷಿ ನಿಲ್ಲುತ್ತದಾ?

ಪ್ರಶ್ನೆ: ಸರ್, ನಾನು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ನಮ್ಮ ತಂದೆ 1974ರಿಂದ ತೋಟದ ಮಳೆ ಲೆಕ್ಕ ಬರೆದಿಟ್ಟಿದ್ದಾರೆ. ದಿನಾ ಬೆಳಿಗ್ಗೆ, ಇಂಚು-ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಭಾಗ ಸೆಂಟು). 2011ರಿಂದ ನಾನು ಅದನ್ನೇ ಕಂಪ್ಯೂಟರಿನಲ್ಲಿ ಎಕ್ಸೆಲ್ ಫೈಲಾಗಿ ಮುಂದುವರಿಸಿದ್ದೇನೆ. ಕಾಯಿ ಉದುರಿದ್ದು, ಆನೆ ತುಳಿದದ್ದು, ಮರ ಬಿದ್ದದ್ದು ಎಲ್ಲದರ ಫೋಟೋಗಳೂ ಇವೆ. ಹೋದ ವರ್ಷ ಒಂದು ಕಡೆ ಈ ಲೆಕ್ಕ ತೋರಿಸಿದೆ. "ಇದನ್ನ ನಿನ್ನೆ ರಾತ್ರಿ ಕೂತು ಟೈಪ್ ಮಾಡಿಲ್ಲ ಅನ್ನೋಕೆ ಏನು ಗ್ಯಾರಂಟಿ?" ಅಂದರು. ಬೆಂಗಳೂರಿನಲ್ಲಿರುವ ಮಗಳು "ಬಿಟ್‌ಕಾಯಿನ್ ಬ್ಲಾಕ್‌ಚೈನ್‌ಗೆ ಹಾಕಿಬಿಡಿ ಅಪ್ಪ" ಅನ್ನುತ್ತಾಳೆ. ಇಲ್ಲೊಬ್ಬರು ಫೈಲಿಗೆ 3,000 ರೂಪಾಯಿ ಕೊಟ್ಟರೆ "ಬ್ಲಾಕ್‌ಚೈನ್ ಸರ್ಟಿಫಿಕೇಟ್" ಮಾಡಿಸಿಕೊಡುತ್ತೇನೆ ಎಂದಿದ್ದಾರೆ. ಇದಕ್ಕೆ ಬಿಟ್‌ಕಾಯಿನ್ ಕೊಳ್ಳಬೇಕಾ? ನನ್ನ ಲೆಕ್ಕ ಊರಿಗೆಲ್ಲ ಕಾಣುತ್ತದಾ? ಕೋರ್ಟಿನಲ್ಲಿ ನಿಲ್ಲುತ್ತದಾ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ 3,000 ರೂಪಾಯಿ ಈಗಲೇ ಕೊಡಬೇಡಿ. ಬಿಟ್‌ಕಾಯಿನ್ ಕೊಳ್ಳುವುದೂ ಬೇಡ. ನಿಮ್ಮ ಲೆಕ್ಕ ಯಾರಿಗೂ ಕಾಣುವುದಿಲ್ಲ, ಏಕೆಂದರೆ ಅದು ನಿಮ್ಮ ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಕೋರ್ಟಿನ ವಿಷಯ ಮಾತ್ರ ಅಷ್ಟು ಸಲೀಸಲ್ಲ, ಕೊನೆಗೆ ಬರುತ್ತೇನೆ.

ನಿಮಗೆ ಆ ಪ್ರಶ್ನೆ ಕೇಳಿದವರ ಮೇಲೆ ಸಿಟ್ಟು ಬಂದಿರುತ್ತದೆ. ಆದರೆ ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಕಂಪ್ಯೂಟರಿನ ಫೈಲಿನ ಮೇಲೆ ಕಾಣುವ ತಾರೀಕಿಗೆ ಮೂರು ಕಾಸಿನ ಬೆಲೆ ಇಲ್ಲ. ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದು. ಸುಮಾರು ಹದಿನೈದು ವರ್ಷದ ಹಿಂದೆ ಹಾಸನದಲ್ಲಿ ಒಬ್ಬ ಗಿರಾಕಿಗೆ ಸಾಫ್ಟ್‌ವೇರಿನ ನಕ್ಷೆ ಮಾಡಿಕೊಟ್ಟಿದ್ದೆ. ದುಡ್ಡು ಕೊಡುವ ಹೊತ್ತಿಗೆ "ಇದು ನಮ್ಮ ಹುಡುಗರೇ ಮಾಡಿದ್ದು" ಎಂದರು. ನಾನು ಧೈರ್ಯವಾಗಿ ಲ್ಯಾಪ್‌ಟಾಪ್ ತೆರೆದು ಫೈಲಿನ ತಾರೀಕು ತೋರಿಸಿದೆ. ಅವರ ಹುಡುಗ ಏನೂ ಮಾತಾಡಲಿಲ್ಲ. ತನ್ನ ಕಂಪ್ಯೂಟರಿನ ಗಡಿಯಾರವನ್ನು ಎರಡು ವರ್ಷ ಹಿಂದಕ್ಕೆ ತಿರುಗಿಸಿದ, ಅದೇ ಫೈಲನ್ನು ತೆರೆದು ಸೇವ್ ಮಾಡಿದ. ನನ್ನದಕ್ಕಿಂತ ಅವನ ಫೈಲೇ ಹಳೆಯದಾಯಿತು! ಅಲ್ಲಿಗೆ ನನ್ನ ವಾದ ಮುಗಿಯಿತು.

ಕಾಗದದ ಕಾಲದಲ್ಲೂ ಈ ತೊಂದರೆ ಇತ್ತು. ಹಳೇ ತಾರೀಕಿನ ಛಾಪಾ ಕಾಗದ ಹುಡುಕಿ ತಂದು ಕರಾರು ಬರೆಯುವವರ ಕಥೆ ನಿಮ್ಮ ಊರಿನಲ್ಲೂ ಒಂದಾದರೂ ಇರುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಶಾಸನಗಳು. ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನದೇ. ಆ ಶಾಸನದಲ್ಲಿ ತಾರೀಕಿಲ್ಲ. ಹಾಗಾಗಿ ಕ್ರಿ.ಶ. 450ರ ಸುಮಾರು ಎಂದು ಲಿಪಿ ನೋಡಿ, ರಾಜನ ಹೆಸರು ನೋಡಿ ಅಂದಾಜು ಮಾಡಬೇಕಾಯಿತು. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಾಸನದಲ್ಲಿ ಶಕವರ್ಷ 1039, ಅಂದರೆ 1117, ಎಂದು ಸ್ಪಷ್ಟವಾಗಿ ಕೆತ್ತಿದ್ದಾರೆ. ಆದರೆ ಕೆತ್ತಿದ್ದೆಲ್ಲ ನಿಜ ಎನ್ನುವ ಹಾಗೂ ಇಲ್ಲವಲ್ಲ. ಜಮೀನಿನ ಹಕ್ಕಿಗಾಗಿ ಹಳೇ ರಾಜನ ಹೆಸರು, ಹಳೇ ತಾರೀಕು ಹಾಕಿ ಆಮೇಲೆ ಹುಟ್ಟಿಸಿದ ತಾಮ್ರಪಟಗಳು ಬೇಕಾದಷ್ಟಿವೆ. ವಿದ್ವಾಂಸರು ಅವನ್ನು ಕೂಟ ಶಾಸನ ಎನ್ನುತ್ತಾರೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳ ಮೇಲೆ ಜೆ.ಎಫ್. ಫ್ಲೀಟ್ ಅವರಂಥವರು ಇದೇ ಅನುಮಾನ ಎತ್ತಿದ್ದರು. ಅನುಮಾನ ಬಂದಾಗ ಅವರು ಏನು ಮಾಡುತ್ತಿದ್ದರು ಗೊತ್ತಾ? ಶಾಸನದಲ್ಲಿ "ಸೂರ್ಯಗ್ರಹಣದ ದಿನ ದಾನ ಕೊಟ್ಟೆ" ಎಂದಿದ್ದರೆ ಆ ದಿನ ನಿಜಕ್ಕೂ ಗ್ರಹಣ ಇತ್ತಾ ಎಂದು ಲೆಕ್ಕ ಹಾಕುತ್ತಿದ್ದರು. ಗ್ರಹಣ ರಾಜನ ಕೈಯಲ್ಲೂ ಇಲ್ಲ, ಕೆತ್ತಿದವನ ಕೈಯಲ್ಲೂ ಇಲ್ಲ. ನಮಗೆ ಬೇಕಾದದ್ದು ಅಂಥದ್ದೇ ಒಂದು ಗಡಿಯಾರ. ಯಾರೂ ಹಿಂದೆ ತಿರುಗಿಸಲಾಗದ್ದು, ಎಲ್ಲರಿಗೂ ಕಾಣುವಂಥದ್ದು.

ಈ ಯೋಚನೆ ಬಿಟ್‌ಕಾಯಿನ್‌ಗಿಂತ ಹಳೆಯದು. ಅಮೆರಿಕದ ಬೆಲ್‌ಕೋರ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೊರ್ನೆಟ್ಟಾ 1991ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಫೈಲುಗಳಿಗೆ ತಾರೀಕಿನ ಮುದ್ರೆ ಒತ್ತುವ ಒಬ್ಬ ಅಧಿಕಾರಿಯನ್ನು ಕೂರಿಸಬಹುದು, ಸರಿ. ಅವನೇ ಲಂಚ ತಿಂದರೆ? ಅವರ ಉತ್ತರ ಸರಳ. ಪ್ರತಿ ಮುದ್ರೆಯಲ್ಲೂ ಹಿಂದಿನ ಮುದ್ರೆಯ ಗುರುತು ಸೇರಿರಲಿ. ಆಗ ನಡುವೆ ಒಂದನ್ನು ತುರುಕಿದರೆ ಮುಂದಿನದೆಲ್ಲ ತಾಳೆ ಬೀಳುವುದಿಲ್ಲ. ಆಮೇಲೆ ಅವರದೇ ಸುರೆಟಿ ಕಂಪನಿ 1995ರಿಂದ ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತಿನ ಜಾಗದಲ್ಲಿ ಆ ವಾರದ ಮುದ್ರೆಗಳೆಲ್ಲದರ ಸಾರವಾದ ಒಂದು ಸಾಲು ಅಕ್ಷರ ಅಚ್ಚು ಹಾಕಿಸುತ್ತಾ ಬಂತು. ಲಕ್ಷಾಂತರ ಮನೆಗೆ ಹೋದ ಪೇಪರನ್ನು ವಾಪಸ್ ತಿದ್ದುವವರು ಯಾರು? ನಮ್ಮಲ್ಲಿ ಊರಿನಲ್ಲಿ ಡಂಗುರ ಹೊಡೆಸುತ್ತಿದ್ದರಲ್ಲ, ಹಾಗೆ. 2008ರಲ್ಲಿ ಬಂದ ಬಿಟ್‌ಕಾಯಿನ್‌ನ ಒಂಬತ್ತು ಪುಟದ ಪ್ರಬಂಧ ಕೊನೆಯಲ್ಲಿ ಎಂಟು ಆಧಾರಗಳನ್ನು ಹೆಸರಿಸುತ್ತದೆ. ಅದರಲ್ಲಿ ಮೂರು ಈ ಇಬ್ಬರದೇ. ತಾರೀಕಿನ ಮುದ್ರೆ ಬಿಟ್‌ಕಾಯಿನ್‌ಗೆ ಯಾರೋ ಆಮೇಲೆ ಅಂಟಿಸಿದ ಬಾಲ ಅಂತ ಕೆಲವರು ತಿಳಿದಿದ್ದಾರೆ. ನನ್ನ ಪ್ರಕಾರ ಅದು ಅದರ ಬೇರು.

ಈಗ ಆ "ಒಂದು ಸಾಲು ಅಕ್ಷರ" ಏನು ಅಂತ ನೋಡೋಣ. ಅದಕ್ಕೆ ಹ್ಯಾಶ್ ಎಂದು ಹೆಸರು. ಫೈಲಿನ ಹೆಬ್ಬೆಟ್ಟಿನ ಗುರುತು ಎಂದುಕೊಳ್ಳಿ. ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನಕ್ಕೆ ನಿಮ್ಮ ಎಕ್ಸೆಲ್ ಫೈಲ್ ಕೊಟ್ಟರೆ 64 ಅಕ್ಷರ-ಅಂಕಿಗಳ ಒಂದು ಸಾಲು ಹೊರಬರುತ್ತದೆ. ಹತ್ತು ಪುಟದ ಫೈಲ್ ಇರಲಿ, ಎರಡು ಗಂಟೆಯ ವಿಡಿಯೋ ಇರಲಿ, ಬರುವುದು 64 ಮಾತ್ರ. ಜುಲೈ 12ರ ಮಳೆಯನ್ನು 3 ಇಂಚು 40 ಸೆಂಟಿನ ಬದಲು 3 ಇಂಚು 41 ಸೆಂಟು ಮಾಡಿ ನೋಡಿ. ಇಡೀ ಸಾಲು ಗುರುತೇ ಸಿಗದ ಹಾಗೆ ಬದಲಾಗುತ್ತದೆ. ಹೆಬ್ಬೆಟ್ಟು ನೋಡಿ ಮನುಷ್ಯನ ಮುಖ ಬರೆಯಲಾಗುವುದಿಲ್ಲ ಅಲ್ವಾ? ಹಾಗೆಯೇ ಹ್ಯಾಶ್ ನೋಡಿ ಫೈಲಿನಲ್ಲಿ ಏನಿತ್ತು ಎಂದು ಹೇಳಲಾಗುವುದಿಲ್ಲ. ಅದಕ್ಕೇ ನಿಮ್ಮ ಲೆಕ್ಕ ಗುಟ್ಟಾಗಿಯೇ ಉಳಿಯುತ್ತದೆ. ಜಗತ್ತಿಗೆ ತೋರಿಸುವುದು ಹ್ಯಾಶ್ ಮಾತ್ರ. ಎಂಡಿ5, ಎಸ್‌ಎಚ್‌ಎ-1 ಎಂಬ ಹಳೇ ವಿಧಾನಗಳೂ ಇವೆ. ಎರಡು ಬೇರೆ ಫೈಲಿಗೆ ಒಂದೇ ಹೆಬ್ಬೆಟ್ಟು ಬರುವಂತೆ ಮಾಡಿ ತೋರಿಸಿದ್ದಾರೆ, ಮೊದಲನೆಯದಕ್ಕೆ 2004ರಲ್ಲಿ, ಎರಡನೆಯದಕ್ಕೆ 2017ರಲ್ಲಿ. ಅವನ್ನು ಬಿಟ್ಟುಬಿಡಿ.

ಬಿಟ್‌ಕಾಯಿನ್ ಎಂದರೆ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಸಮ ನಕಲಾಗುವ ಒಂದು ಲೆಕ್ಕದ ಪುಸ್ತಕ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ, ಅದೇ ಬ್ಲಾಕ್. ಒಂದಕ್ಕೊಂದು ಕೊಂಡಿಯಾದ ಈ ಪುಟಗಳ ಸರಪಳಿಯೇ ಬ್ಲಾಕ್‌ಚೈನ್. 2009ರ ಜನವರಿ 3ರಂದು ಶುರುವಾದದ್ದು 2025ರಲ್ಲಿ 9 ಲಕ್ಷ ಪುಟ ದಾಟಿತು. ಪ್ರತಿ ಪುಟದ ತಲೆಯಲ್ಲಿ 80 ಬೈಟಿನ ಒಂದು ಚೀಟಿ ಇರುತ್ತದೆ. ಅದರಲ್ಲಿ ಹಿಂದಿನ ಪುಟದ ಹ್ಯಾಶ್, ಈ ಪುಟದಲ್ಲಿರುವುದೆಲ್ಲದರ ಒಟ್ಟು ಹ್ಯಾಶ್, ಸಮಯ, ಇಂಥವು. ಒಂದು ಪುಟ ಸೇರಿಸಲು ಗಣಿಗಾರರು, ಅಂದರೆ ಹೊಸ ಪುಟ ಸೇರಿಸಲು ಕಂಪ್ಯೂಟರ್ ಇಟ್ಟುಕೊಂಡು ಪೈಪೋಟಿ ನಡೆಸುವವರು, ಕರೆಂಟು ಸುಟ್ಟು ಭಾರೀ ಲೆಕ್ಕ ಮಾಡಬೇಕು. ಹಳೇ ಪುಟ ತಿದ್ದಬೇಕಾದರೆ ಆ ಪುಟದ ಕೆಲಸವನ್ನಷ್ಟೇ ಅಲ್ಲ, ಅದರ ಮೇಲೆ ಸೇರಿದ ಎಲ್ಲ ಪುಟಗಳ ಕೆಲಸವನ್ನೂ ಹೊಸದಾಗಿ ಮಾಡಬೇಕು. ಅಡಿಪಾಯದ ಒಂದು ಕಲ್ಲು ಬದಲಿಸಲು ಮೇಲಿನ ಗೋಡೆಯನ್ನೆಲ್ಲ ಇಳಿಸಿ ಮತ್ತೆ ಕಟ್ಟಿದ ಹಾಗೆ. ಅದೂ ಉಳಿದವರು ಕಟ್ಟುತ್ತಿರುವ ವೇಗಕ್ಕಿಂತ ಜೋರಾಗಿ. ಆ ಪುಸ್ತಕದಲ್ಲಿ ನಿಮ್ಮ 64 ಅಕ್ಷರ ಸೇರಿದರೆ ಸಾಕು, ಆ ಪುಟದ ಹೊತ್ತಿಗೆ ನಿಮ್ಮ ಫೈಲ್ ಇತ್ತು ಎಂದಾಯಿತು.

"ಅಂದರೆ ಪ್ರತಿ ಸಲ ಬಿಟ್‌ಕಾಯಿನ್ ಶುಲ್ಕ ಕೊಡಬೇಕಲ್ಲ?" ಎಂದು ಮಗಳು ಕೇಳಬಹುದು. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಜಾಣತನ ಇದೆ. ರಾಲ್ಫ್ ಮರ್ಕಲ್ ಎಂಬವರು 1979ರಲ್ಲಿ ಹೇಳಿದ್ದು, ಹಾಗಾಗಿ ಮರ್ಕಲ್ ಮರ ಎನ್ನುತ್ತಾರೆ. ನಮ್ಮ ಕಡೆಯ ವಾಲಿಬಾಲ್ ಪಂದ್ಯಾವಳಿ ಥರ ಯೋಚಿಸಿ. ಹ್ಯಾಶ್‌ಗಳು ಎರಡೆರಡು ಜೋಡಿಯಾಗುತ್ತವೆ. ಪ್ರತಿ ಜೋಡಿ ಸೇರಿ ಒಂದು ಹೊಸ ಹ್ಯಾಶ್. ಆ ಹೊಸವು ಮತ್ತೆ ಜೋಡಿ. ಹೀಗೆ ಫೈನಲ್‌ವರೆಗೆ. ಹತ್ತು ಲಕ್ಷ ಫೈಲ್ ಇದ್ದರೂ ಇಪ್ಪತ್ತು ಸುತ್ತಿನಲ್ಲಿ ಒಂದೇ ಹ್ಯಾಶ್ ಉಳಿಯುತ್ತದೆ. ಅದೊಂದನ್ನು ಬಿಟ್‌ಕಾಯಿನ್ ಪುಸ್ತಕಕ್ಕೆ ಹಾಕಿದರೆ ಮುಗಿಯಿತು, ಒಬ್ಬರ ಶುಲ್ಕದಲ್ಲಿ ಹತ್ತು ಲಕ್ಷ ಜನರ ಕೆಲಸ. ಪಂದ್ಯಾವಳಿಗೂ ಇದಕ್ಕೂ ಒಂದೇ ವ್ಯತ್ಯಾಸ, ಇಲ್ಲಿ ಯಾರೂ ಸೋಲುವುದಿಲ್ಲ. ಇಬ್ಬರೂ ಸೇರಿ ಮುಂದಿನ ಸುತ್ತಿಗೆ ಹೋಗುತ್ತಾರೆ. ನಿಮ್ಮ ಫೈಲ್ ಅದರಲ್ಲಿತ್ತು ಎಂದು ತೋರಿಸಲು ಉಳಿದವರ ಫೈಲ್ ಬೇಡ. ಪ್ರತಿ ಸುತ್ತಿನಲ್ಲಿ ನಿಮಗೆ ಜೋಡಿಯಾದ ಇಪ್ಪತ್ತು ಹ್ಯಾಶ್ ಇದ್ದರೆ ಸಾಕು.

ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ಬಿಟ್ಟಿ ಸೌಲಭ್ಯ ಮಾಡುವುದು ಇದನ್ನೇ. ಬಿಟ್‌ಕಾಯಿನ್ ತಂತ್ರಾಂಶಕ್ಕೆ ಕೆಲಸ ಮಾಡಿದ ಪೀಟರ್ ಟಾಡ್ 2016ರಲ್ಲಿ ಇದನ್ನು ಜನರ ಮುಂದಿಟ್ಟರು. ಮರುವರ್ಷ ಇಂಟರ್‌ನೆಟ್ ಆರ್ಕೈವ್ ಎಂಬ ದೊಡ್ಡ ಡಿಜಿಟಲ್ ಗ್ರಂಥಾಲಯದ ಸುಮಾರು 75 ಕೋಟಿ ಫೈಲುಗಳಿಗೆ ಮುದ್ರೆ ಹಾಕಿ ತೋರಿಸಿದರು. 75 ಕೋಟಿ ಅಲ್ಲಿ ಸುಲಭವಾಗಿ ಹಿಡಿದರೆ ನಿಮ್ಮ ತೋಟದ ಫೈಲ್ ಯಾವ ಲೆಕ್ಕ!

ಈಗ ಮುಖ್ಯವಾದ ಮಾತು. ದಯವಿಟ್ಟು ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಸರ್ಟಿಫಿಕೇಟ್ ಮಾರುವವರು ಇದನ್ನು ಹೇಳುವುದಿಲ್ಲ. ಈ ಮುದ್ರೆ ಹೇಳುವುದು ಒಂದೇ ಸಂಗತಿ: "ಇಂಥ ಹೊತ್ತಿಗೆ ಈ ಫೈಲ್ ಇತ್ತು." ಯಾರು ಮಾಡಿದ್ದು ಎಂದು ಹೇಳುವುದಿಲ್ಲ. ಅದರೊಳಗಿರುವುದು ನಿಜ ಎಂದೂ ಹೇಳುವುದಿಲ್ಲ. ಎರಡು ಇಂಚು ಮಳೆ ಬಂದ ದಿನ ನೀವು ಆರು ಇಂಚು ಎಂದು ಬರೆದು ಮುದ್ರೆ ಒತ್ತಿದರೆ ಬ್ಲಾಕ್‌ಚೈನ್ ಆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಪಾಡುತ್ತದೆ. ನಿಮ್ಮ ಅಳತೆ ನಿಜ ಎನ್ನಲು ಬೇರೆ ಆಧಾರ ಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಮಲೆನಾಡಿನಲ್ಲಿ ಈ ಗುಡ್ಡದ ಮಳೆ ಆ ಗುಡ್ಡಕ್ಕಿಲ್ಲ, ಹಾಗಾಗಿ ಅಂಕಿ ಒಂದೇ ಇರಬೇಕೆಂದಿಲ್ಲ. ಆದರೆ ಅಲ್ಲಿ ಜೋರು ಮಳೆಯಾದ ದಿನ ನಿಮ್ಮಲ್ಲೂ ಜೋರಾಗಿರಬೇಕು. ಪಕ್ಕದ ತೋಟದ ರೈಟರ್ ಬರೆದ ಲೆಕ್ಕವೂ ಒಂದು ಸಾಕ್ಷಿಯೇ.

ಇನ್ನೊಂದು ಸೂಕ್ಷ್ಮ. "ಇಷ್ಟು ಹೊತ್ತಿಗೆ ಇತ್ತು" ಎಂದರೆ "ಆಗಲೇ ಹುಟ್ಟಿತು" ಎಂದಲ್ಲ. ಮುದ್ರೆ ಮುಂದಿನ ಗಡಿಯನ್ನು ಮಾತ್ರ ಹಾಕುತ್ತದೆ, ಹಿಂದಿನ ಗಡಿ ಖಾಲಿಯೇ ಇರುತ್ತದೆ. 2019ರಲ್ಲಿ ಆನೆ ತುಳಿದ ಗಿಡದ ಫೋಟೋವನ್ನು ಇವತ್ತು ಮುದ್ರೆ ಒತ್ತಿ "ನಿನ್ನೆ ತುಳಿದದ್ದು" ಎನ್ನಬಹುದು. ಹಿಂದಿನ ಗಡಿ ಹಾಕಲು ಮೊದಲೇ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲದ ಒಂದು ವಿಷಯ ಫೈಲಿನೊಳಗೆ ಇರಬೇಕು. ಸಿನಿಮಾದಲ್ಲಿ ಅಪಹರಣ ಮಾಡಿದವರು ಅವತ್ತಿನ ಪೇಪರ್ ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರಲ್ಲ, ಅದೇ ಉಪಾಯ. ಬಿಟ್‌ಕಾಯಿನ್‌ನ ಮೊಟ್ಟಮೊದಲ ಬ್ಲಾಕಿನಲ್ಲೂ ಅದನ್ನೇ ಮಾಡಿದ್ದಾರೆ. ಲಂಡನ್ನಿನ ದಿ ಟೈಮ್ಸ್ ಪತ್ರಿಕೆಯ 2009ರ ಜನವರಿ 3ರ ತಲೆಬರಹ ಅದರೊಳಗಿದೆ. ಬ್ರಿಟನ್ನಿನ ಹಣಕಾಸು ಸಚಿವರು ಬ್ಯಾಂಕುಗಳಿಗೆ ಎರಡನೇ ಸಲ ನೆರವು ಕೊಡುವ ಹಂತದಲ್ಲಿದ್ದಾರೆ ಎಂಬ ಸುದ್ದಿ. ಜನ ಅದನ್ನು ಬ್ಯಾಂಕುಗಳ ಮೇಲಿನ ವ್ಯಂಗ್ಯ ಎನ್ನುತ್ತಾರೆ, ಇರಬಹುದು. ನನಗೆ ಕಾಣುವುದು ಮಾತ್ರ ತಾರೀಕಿನ ಸಾಕ್ಷಿ: ಈ ಬ್ಲಾಕನ್ನು ಇದಕ್ಕಿಂತ ಮುಂಚೆ ಕದ್ದು ಮಾಡಿಟ್ಟುಕೊಂಡಿಲ್ಲ ಎಂದು. ನೀವೂ ಹಾನಿಯ ಫೋಟೋ ತೆಗೆಯುವಾಗ ಅವತ್ತಿನ ಪೇಪರ್ ಚೌಕಟ್ಟಿನೊಳಗೆ ಇಡಿ. ತಿಂಗಳ ಫೈಲಿನ ಕೆಳಗೆ ಬಿಟ್‌ಕಾಯಿನ್‌ನ ಆ ಹೊತ್ತಿನ ಕೊನೆಯ ಬ್ಲಾಕಿನ ಹ್ಯಾಶ್ ಬರೆಯಿರಿ, ಅದನ್ನು ತೋರಿಸುವ ತಾಣಗಳು ಬೇಕಾದಷ್ಟಿವೆ. ಎರಡೂ ಕಡೆ ಬೇಲಿ ಹಾಕಿದಂತಾಯಿತು. ಆ ಫೈಲ್ ಪೂರ್ತಿಯಾದದ್ದು ನೀವು ಬರೆದ ಆ ಬ್ಲಾಕ್ ಬಂದ ಮೇಲೆ, ಮುದ್ರೆ ಬಿದ್ದದ್ದಕ್ಕಿಂತ ಮುಂಚೆ.

ಮೂರನೆಯ ಮೋಸ ಇನ್ನೂ ನಾಜೂಕಿನದು. ಚುನಾವಣೆಗೆ ಮುಂಚೆ "ಗೆಲ್ಲುತ್ತಾರೆ", "ಸೋಲುತ್ತಾರೆ" ಎಂದು ಎರಡು ಚೀಟಿ ಬರೆದು, ಎರಡಕ್ಕೂ ಮುದ್ರೆ ಒತ್ತಿ, ಫಲಿತಾಂಶ ಬಂದ ಮೇಲೆ ಸರಿಯಾದದ್ದನ್ನು ಮಾತ್ರ ತೋರಿಸುವ ಜ್ಯೋತಿಷಿ ಇದ್ದಾನೆ ಎಂದುಕೊಳ್ಳಿ. ಮುದ್ರೆ ಅಸಲಿ, ಆಟ ನಕಲಿ. ಹ್ಯಾಶ್ ಗುಟ್ಟಾಗಿರುವುದರಿಂದಲೇ ಈ ಆಟ ಸಾಧ್ಯ. ನಿಮ್ಮ ಎದುರಾಳಿಯ ವಕೀಲ ಬುದ್ಧಿವಂತನಾದರೆ ಇದನ್ನೇ ಹಿಡಿಯುತ್ತಾನೆ: "ಇವರು ನಾಲ್ಕು ಥರದ ಲೆಕ್ಕ ಮುದ್ರೆ ಹಾಕಿಸಿ ಅನುಕೂಲವಾದದ್ದನ್ನು ತಂದಿದ್ದಾರೆ." ಪೂರ್ತಿ ತಡೆಯಲು ಆಗುವುದಿಲ್ಲ, ಆದರೆ ಕಷ್ಟ ಮಾಡಬಹುದು. ಪ್ರತಿ ತಿಂಗಳ ಫೈಲಿನ ಮೊದಲ ಸಾಲಿನಲ್ಲಿ ಹಿಂದಿನ ತಿಂಗಳ ಫೈಲಿನ ಹ್ಯಾಶ್ ಬರೆಯಿರಿ. ಹೇಬರ್, ಸ್ಟೊರ್ನೆಟ್ಟಾ ಮಾಡಿದ ಸರಪಳಿಯೇ, ನಿಮ್ಮ ತೋಟದ ಮಟ್ಟಕ್ಕೆ. ವರ್ಷಕ್ಕೊಮ್ಮೆ ಮಾರ್ಚ್ ಕೊನೆಯಲ್ಲಿ ಆ ಹ್ಯಾಶನ್ನು ನಾಲ್ಕು ಜನರಿಗೆ ಇಮೇಲ್ ಮಾಡಿ: ಮಗಳಿಗೆ, ನಿಮ್ಮ ಲೆಕ್ಕಪತ್ರ ನೋಡುವವರಿಗೆ, ಬೆಳೆಗಾರರ ಸಂಘದ ಇಬ್ಬರಿಗೆ. ಆಮೇಲೆ ನಾಲ್ಕು ಸರಪಳಿ ಇದ್ದವು ಎನ್ನುವುದು ಕಷ್ಟ.

ಕೆಲಸ ಹೇಗೆ ಮಾಡುವುದು? ಹೇಳುವುದಕ್ಕಿಂತ ಮಾಡುವುದೇ ಸುಲಭ. ತಿಂಗಳ ಕೊನೆಗೆ ಎಕ್ಸೆಲ್ ಹಾಳೆಯನ್ನು ಪಿಡಿಎಫ್ ಮಾಡಿ. ಓಪನ್‌ಟೈಮ್‌ಸ್ಟ್ಯಾಂಪ್ಸ್ ತಾಣ ತೆರೆದು ಆ ಪಿಡಿಎಫನ್ನು ಅಲ್ಲಿಗೆ ಎಳೆದು ಹಾಕಿ. ಹ್ಯಾಶ್ ಲೆಕ್ಕ ನಿಮ್ಮ ಬ್ರೌಸರಿನಲ್ಲೇ ಆಗುತ್ತದೆ, ಫೈಲ್ ಹೊರಗೆ ಹೋಗುವುದಿಲ್ಲ. ನಿಮ್ಮ ಫೈಲಿನ ಹೆಸರಿನ ಕೊನೆಗೆ ಓಟಿಎಸ್ ಎಂದು ಸೇರಿದ ಒಂದು ಪುಟ್ಟ ಫೈಲ್ ಇಳಿಯುತ್ತದೆ. ಅದು ರಸೀದಿ. ಆದರೆ ಆ ಕ್ಷಣದಲ್ಲಿ ಅದು ಕಚ್ಚಾ ರಸೀದಿ. ಅವರ ಸರ್ವರ್ ಎಲ್ಲರ ಹ್ಯಾಶ್ ಸೇರಿಸಿ ಬಿಟ್‌ಕಾಯಿನ್ ಪುಟಕ್ಕೆ ಏರಿಸಲು ಕೆಲವು ಗಂಟೆ ಬೇಕು. ಮಾರನೇ ದಿನ ಅದೇ ತಾಣಕ್ಕೆ ಹೋಗಿ ರಸೀದಿಯನ್ನು ಪಕ್ಕಾ ಮಾಡಿಸಿಕೊಂಡು ಮತ್ತೆ ಇಳಿಸಿಕೊಳ್ಳಿ. ಎಷ್ಟೋ ಜನ ಈ ಎರಡನೇ ಹೆಜ್ಜೆ ಮರೆಯುತ್ತಾರೆ. ಕಚ್ಚಾ ರಸೀದಿ ಆ ಸರ್ವರನ್ನು ನಂಬಿಕೊಂಡಿರುತ್ತದೆ, ಅದು ಮುಚ್ಚಿಹೋದರೆ ರಸೀದಿಯೂ ಹೋಯಿತು. ಪಕ್ಕಾ ಆದದ್ದಕ್ಕೆ ಬಿಟ್‌ಕಾಯಿನ್ ಪುಟಗಳ ತಲೆಚೀಟಿಗಳು ಎಲ್ಲಾದರೂ ಉಳಿದಿದ್ದರೆ ಸಾಕು. ಇಲ್ಲಿಯವರೆಗಿನ ಎಲ್ಲ ತಲೆಚೀಟಿ ಸೇರಿದರೂ ನೂರು ಎಂಬಿಯೂ ಆಗುವುದಿಲ್ಲ, ಒಂದು ಸಣ್ಣ ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ಬಿಟ್‌ಕಾಯಿನ್ ಬೆಲೆ ಏರಿದರೂ ಇಳಿದರೂ ನಿಮ್ಮ ಹಳೇ ಮುದ್ರೆಗೆ ಏನೂ ಆಗುವುದಿಲ್ಲ.

ಸಮಯದ ನಿಖರತೆ ಬಗ್ಗೆ ಒಂದು ಮಾತು. ಬ್ಲಾಕಿನ ಮೇಲಿನ ಸಮಯವನ್ನು ಗಣಿಗಾರನೇ ಬರೆಯುತ್ತಾನೆ. ಹಿಂದಿನ ಹನ್ನೊಂದು ಬ್ಲಾಕುಗಳ ನಡುಸಮಯಕ್ಕಿಂತ ಮುಂದಿರಬೇಕು, ಈಗಿನ ಸಮಯಕ್ಕಿಂತ ಎರಡು ಗಂಟೆಗಿಂತ ಜಾಸ್ತಿ ಮುಂದಿರಬಾರದು ಎಂಬ ನಿಯಮ ಇದೆ. ಹಾಗಾಗಿ ಒಂದೆರಡು ಗಂಟೆ ಆಚೀಚೆ ಇರಬಹುದು. ಷೇರು ಮಾರುಕಟ್ಟೆಯವರಿಗೆ ಇದು ಸಾಲದು. ಮಳೆ ಲೆಕ್ಕಕ್ಕೆ ಧಾರಾಳ ಸಾಕು.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಫೈಲನ್ನು ಕಾಪಾಡುವಲ್ಲಿ. ಮುದ್ರೆ ಹಾಕಿದ ಫೈಲ್ ಒಂದು ಚುಕ್ಕೆಯೂ ಬದಲಾಗದೆ ಹಾಗೇ ಇರಬೇಕು. ಎಕ್ಸೆಲ್ ಫೈಲನ್ನು ಸುಮ್ನೆ ತೆರೆದು ಸೇವ್ ಒತ್ತಿದರೂ ಒಳಗೆ ಏನೋ ಬದಲಾಗಿ ಹ್ಯಾಶ್ ಬೇರೆಯಾಗಬಹುದು. ಅದಕ್ಕೇ ಪಿಡಿಎಫ್ ಎಂದದ್ದು. ಫೋಟೋ ವಿಷಯದಲ್ಲಿ ವಾಟ್ಸಾಪ್ ದೊಡ್ಡ ಶತ್ರು. ಅದರಲ್ಲಿ ಫೋಟೋವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಕ್ಯಾಮೆರಾ ಬರೆದ ತಾರೀಕು-ಜಾಗದ ವಿವರ ಅಳಿಸಿಹೋಗುತ್ತದೆ, ಹ್ಯಾಶ್ ಪೂರಾ ಬೇರೆ. ನನ್ನ ಬಳಿ ಬಂದ ಒಬ್ಬರು ಫೋಟೋಗಳಿಗೆ ಶ್ರದ್ಧೆಯಿಂದ ಮುದ್ರೆ ಹಾಕಿದ್ದರು. ಆಮೇಲೆ ಫೋನಿನಲ್ಲಿ ಜಾಗ ಸಾಲದೆ ಮೂಲ ಫೋಟೋಗಳನ್ನು ಅಳಿಸಿ, ವಾಟ್ಸಾಪಿನಲ್ಲಿ ಇವೆಯಲ್ಲ ಎಂದುಕೊಂಡಿದ್ದರು. ಅವರ ಕೈಯಲ್ಲಿ ಉಳಿದದ್ದು ಬೀಗ ಇಲ್ಲದ ಬೀಗದ ಕೈ. ಹ್ಯಾಶಿನಿಂದ ಫೋಟೋ ವಾಪಸ್ ಬರುವುದಿಲ್ಲ! ಮೂಲ ಫೈಲ್ ಮತ್ತು ರಸೀದಿ ಎರಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಎರಡು ಬೇರೆ ಕಡೆ ನಕಲು ಇಡಿ. ಒಂದು ತೋಟದ ಮನೆಯಲ್ಲಿ, ಒಂದು ಮಗಳ ಬಳಿ. ಮಲೆನಾಡಿನ ಸಿಡಿಲಿಗೆ ಎಷ್ಟು ಕಂಪ್ಯೂಟರ್ ಹೋಗಿವೆ ಎಂದು ನಿಮಗೆ ನಾನು ಹೇಳಬೇಕಾ.

ಕೋರ್ಟಿಗೆ ಬರೋಣ. 2024ರ ಜುಲೈ 1ರಿಂದ ಹಳೇ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದೆ. ಕಂಪ್ಯೂಟರಿನ ದಾಖಲೆಯ ಬಗ್ಗೆ ಹಿಂದೆ ಕಲಂ 65ಬಿ ಇತ್ತು, ಈಗ ಕಲಂ 63. ದಾಖಲೆಯ ಪ್ರತಿ ಹಾಜರುಪಡಿಸುವಾಗ ಜೊತೆಗೆ ಪ್ರಮಾಣಪತ್ರ ಬೇಕೇ ಬೇಕು. ಮೂಲ ಸಾಧನವನ್ನೇ ತಂದು ಹಾಜರುಪಡಿಸದಿದ್ದರೆ ಇದು ಕಡ್ಡಾಯ ಎಂದು 65ಬಿ ಕಾಲದಲ್ಲೇ, 2020ರಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು. ಹೊಸ ನಮೂನೆಯಲ್ಲಿ ಒಂದು ಭಾಗವನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಅದರಲ್ಲಿ ಫೈಲಿನ ಹ್ಯಾಶ್ ಎಷ್ಟು, ಯಾವ ವಿಧಾನದ್ದು ಎಂದು ಕೇಳುವ ಜಾಗವೇ ಇದೆ. ಅಲ್ಲಿ ಎಸ್‌ಎಚ್‌ಎ-256 ಬರೆಯಿರಿ. ಅಂದರೆ ನೀವು ಮಾಡಿಟ್ಟುಕೊಂಡ ಹ್ಯಾಶ್ ಅಲ್ಲಿಗೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಆದರೆ ಬ್ಲಾಕ್‌ಚೈನ್ ಮುದ್ರೆ ಇದೆ ಎಂದ ಮಾತ್ರಕ್ಕೆ ತಾರೀಕನ್ನು ಒಪ್ಪಲೇಬೇಕು ಎಂದು ಕಾನೂನು ನ್ಯಾಯಾಧೀಶರಿಗೆ ಹೇಳುವುದಿಲ್ಲ. ಅದು ಉಳಿದ ಸಾಕ್ಷ್ಯದ ಜೊತೆ ತೂಗುವ ಒಂದು ಸಾಕ್ಷ್ಯ, ಅಷ್ಟೇ. ಚೀನಾದ ಹಾಂಗ್‌ಝೌ ನಗರದ ಇಂಟರ್‌ನೆಟ್ ನ್ಯಾಯಾಲಯ 2018ರಲ್ಲಿ ಒಂದು ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಬ್ಲಾಕ್‌ಚೈನ್ ದಾಖಲೆ ಒಪ್ಪಿತ್ತು. ಅದನ್ನು ಹಿಡಿದುಕೊಂಡು ನಮ್ಮಲ್ಲಿ ವಾದ ಮಾಡಲಾಗುವುದಿಲ್ಲ. ಜಮೀನು, ವಿಮೆಯಂಥ ದೊಡ್ಡ ಮೊತ್ತದ ವಿಷಯವಾದರೆ ಪಿಡಿಎಫಿಗೆ ಸರ್ಕಾರದ ಪರವಾನಗಿ ಇರುವ ಸಂಸ್ಥೆಯ ಡಿಜಿಟಲ್ ಸಹಿಯನ್ನೂ ಹಾಕಿ, ಆಮೇಲೆ ಬ್ಲಾಕ್‌ಚೈನ್ ಮುದ್ರೆ ಹಾಕಿ. ಸಹಿ "ಯಾರು" ಎನ್ನುವುದಕ್ಕೆ, ಮುದ್ರೆ "ಯಾವಾಗ" ಎನ್ನುವುದಕ್ಕೆ. ನಿಮ್ಮ ವಕೀಲರನ್ನೂ ಕೇಳಿ, ನಾನು ಕಂಪ್ಯೂಟರಿನವನು.

ಆನೆ ಹಾನಿಯ ಪರಿಹಾರಕ್ಕೆ ಇದೆಲ್ಲ ಅಷ್ಟಾಗಿ ಬೇಕಿಲ್ಲ. ಅಲ್ಲಿ ಬೇಗ ಅರ್ಜಿ ಕೊಡುವುದು, ಅರಣ್ಯ ಇಲಾಖೆಯವರು ಬಂದು ಸ್ಥಳ ನೋಡಿ ಮಹಜರು ಮಾಡುವುದೇ ಮುಖ್ಯ. ಫೋಟೋಗೆ ಮುದ್ರೆ ಒತ್ತುತ್ತಾ ಕೂತು ಅರ್ಜಿ ತಡ ಮಾಡಬೇಡಿ.

ಇನ್ನು ಆ 3,000 ರೂಪಾಯಿಯವರು. ಅವರಿಗೆ ಎರಡು ಪ್ರಶ್ನೆ ಕೇಳಿ. ಯಾವ ಬ್ಲಾಕ್‌ಚೈನ್? ನಿಮ್ಮ ಕಂಪನಿ ನಾಳೆ ಮುಚ್ಚಿದರೂ ನಾನು ಇದನ್ನು ಪರೀಕ್ಷಿಸಬಹುದಾ? "ನಮ್ಮದೇ ಸ್ವಂತ ಬ್ಲಾಕ್‌ಚೈನ್" ಎಂದರೆ ಕೈಮುಗಿದು ಕಳಿಸಿ. ಒಬ್ಬರೇ ಇಟ್ಟುಕೊಂಡ ಸರಪಳಿ ಅವರ ಬೀರುವಿನಲ್ಲಿರುವ ರಿಜಿಸ್ಟರ್ ಪುಸ್ತಕಕ್ಕೆ ಸಮ, ಅವರಿಗೆ ಬೇಕಾದಾಗ ಬೇಕಾದ ಪುಟ ಹೊಸದಾಗಿ ಬರೆಯಬಹುದು. ಬಿಟ್‌ಕಾಯಿನ್ ಎಂದೇ ಹೇಳಿದರೆ, ಬಿಟ್ಟಿ ಸಿಗುವುದಕ್ಕೆ ಚಿನ್ನದ ಬಣ್ಣದ ಅಂಚು ಬಳಿದು ಮಾರುತ್ತಿದ್ದಾರೆ. ಬ್ಲಾಕ್‌ಚೈನ್ ಎಂಬ ಪದ ನೀವು ಕಾಫಿ ಬೋರ್ಡಿನ ವಿಷಯದಲ್ಲೂ ಕೇಳಿರಬಹುದು. 2019ರಲ್ಲಿ ಅವರು ಬ್ಲಾಕ್‌ಚೈನ್ ಆಧಾರದ ಕಾಫಿ ಮಾರುಕಟ್ಟೆಯ ಪ್ರಯೋಗ ಶುರು ಮಾಡಿದ್ದರು. ಅದು ಕಾಫಿ ಯಾವ ತೋಟದಿಂದ ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸುವ ಬೇರೆಯೇ ಕೆಲಸ. ಇದನ್ನೂ ಅದನ್ನೂ ಕಲಸಬೇಡಿ. ಬಿಟ್‌ಕಾಯಿನ್ ಕೊಂಡು ನೀವೇ ನೇರವಾಗಿ ಪುಟಕ್ಕೆ ಬರೆಯುವುದೂ ಸಾಧ್ಯ. ಆದರೆ ಶುಲ್ಕ, 2022ರಿಂದ ಬಂದ ಶೇ. 30ರ ತೆರಿಗೆ, ಶೇ. 1ರ ಟಿಡಿಎಸ್ ತಲೆನೋವೆಲ್ಲ ಮಳೆ ಲೆಕ್ಕಕ್ಕೋಸ್ಕರ ಬೇಕಾ?

ಕೊನೆಗೆ ತಂದೆಯವರ ಪುಸ್ತಕಗಳು. ನೀವು ಕೇಳಲಿಲ್ಲ, ಆದರೆ ನನ್ನ ಕಣ್ಣು ಹೋದದ್ದು ಅಲ್ಲಿಗೇ. ಅವನ್ನು ಸ್ಕ್ಯಾನ್ ಮಾಡಿ ಇವತ್ತು ಮುದ್ರೆ ಹಾಕಿದರೆ 1974ರಲ್ಲಿ ಬರೆದದ್ದು ಎಂದು ಸಾಬೀತಾಗುವುದಿಲ್ಲ. ಇವತ್ತಿಗೆ ಈ ರೂಪದಲ್ಲಿ ಇದ್ದವು ಎಂದಷ್ಟೇ ಆಗುತ್ತದೆ. ನಿಮ್ಮ 2011ರಿಂದ ಈಚಿನ ಎಕ್ಸೆಲ್ ಫೈಲುಗಳದ್ದೂ ಅದೇ ಕಥೆ. ಆದರೂ ಹಾಕಿ, ಈ ವಾರವೇ ಹಾಕಿ. ಮುಂದೆ ಯಾವತ್ತೋ ತಕರಾರು ಬಂದಾಗ, ತಕರಾರು ಹುಟ್ಟುವುದಕ್ಕೂ ಮುಂಚಿನ ಮುದ್ರೆ ಅದು. ಸುಳ್ಳು ಬರೆಯಲು ಆಗ ನಿಮಗೆ ಕಾರಣವೇ ಇರಲಿಲ್ಲ ಎಂದು ವಾದಿಸಬಹುದು. ಹಳೇ ಬರವಣಿಗೆಯಂತೆ ಕಾಣುವ ಪುಟವನ್ನು ಕಂಪ್ಯೂಟರೇ ಬರೆದುಕೊಡುವ ಕಾಲ ಬಂದಿದೆ, ಆ ಲೆಕ್ಕದಲ್ಲೂ ಬೇಗ ಆದಷ್ಟು ಒಳ್ಳೆಯದು.

ಸ್ಕ್ಯಾನ್ ಆಯಿತಲ್ಲ ಎಂದು ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ. 1974ರ ಮಟ್ಟಿಗೆ ಆ ಕಾಗದ, ಆ ಶಾಯಿ, ತಂದೆಯವರ ಕೈಬರಹ, ನಡುವೆ ಬರೆದಿರುವ ಹೂಮಳೆ, ಕೂಲಿ, ಮದುವೆ-ಸಾವಿನ ಸುದ್ದಿ ಇವೆಲ್ಲ ಯಾವ ಬ್ಲಾಕ್‌ಚೈನ್‌ಗಿಂತಲೂ ಗಟ್ಟಿ ಸಾಕ್ಷಿ. ಮಳೆಗಾಲದಲ್ಲಿ ಬೂಷ್ಟು ಬರದ ಹಾಗೆ, ಗೆದ್ದಲು ಮುಟ್ಟದ ಹಾಗೆ ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಅಟ್ಟದ ಮೇಲಿಡಿ. ಸ್ಕ್ಯಾನ್ ಮಾಡುವಾಗ ಖಾಲಿ ಪುಟಗಳನ್ನೂ ಬಿಡಬೇಡಿ. ಯಾವುದೋ ಜುಲೈನಲ್ಲಿ ತಂದೆಯವರಿಗೆ ಜ್ವರ ಬಂದು ನಾಲ್ಕು ದಿನ ಬರೆಯದೆ ಬಿಟ್ಟಿದ್ದರೆ ಅದೂ ಹಾಗೇ ಇರಲಿ. ಯಾರೋ ಕೂತು ಒಂದೇ ರಾತ್ರಿ ಬರೆದ ಪುಸ್ತಕದಲ್ಲಿ ಅಂಥ ಖಾಲಿ ಜಾಗ ಇರುವುದಿಲ್ಲ.